ಕಾರಿನ ಬಾಯಿ

ತಪ್ಪು ಮಾಡಿದವಳು ಸರ್ವಮಂಗಳ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆವತ್ತು ಹಿರಿಯೂರಿನ ಗ್ಯಾರೇಜಿನಲ್ಲಿ ಸೇರಿದ್ದವರ ಪೈಕಿ ಅವಳೊಬ್ಬಳನ್ನು ಬಿಟ್ಟು ಮಿಕ್ಕ ಯಾರಿಗೂ ಅದು ಗೊತ್ತಿರಲಿಲ್ಲ. ಅವಳಿಗಾದರೂ ಗೊತ್ತಾದದ್ದು ಕಾರು ನಿಂತ ಮೇಲೆಯೇ.

ಭೀಮಸಮುದ್ರದ ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನ ಹೆಂಡತಿ ಅವಳು. ಅತ್ತೆ ದಾಕ್ಷಾಯಣಮ್ಮ ಹಿಂದಿನ ದಿನ ಮಠಕ್ಕೆ ಹೋಗಿ ಸ್ವಾಮಿಗಳ ಪಾದೋದಕ ತಂದಿದ್ದಳು. ಬಂದದ್ದು ಸಣ್ಣ ಸೀಸೆಯಲ್ಲಿ. ಮನೆಮಂದಿಗೆಲ್ಲ ಸಾಲಬೇಕಲ್ಲ, ದೊಡ್ಡ ಚೊಂಬಿನ ನೀರಿಗೆ ಬೆರೆಸಿದಳು. ಬೆಳಿಗ್ಗೆ ಎಲ್ಲರೂ ಕುಡಿದರು, ಕೊಟ್ಟಿಗೆಯ ಎತ್ತುಗಳಿಗೂ ಬಿದಿರಿನ ಗೊಟ್ಟದಲ್ಲಿ ಕುಡಿಸಿದ್ದಾಯಿತು. ಇನ್ನೂ ಅರ್ಧ ಚೊಂಬು ಮಿಕ್ಕಿತು.

"ಮಂಗಳಾ, ಮಿಕ್ಕಿದ್ದು ಗಾಡಿಗೆ ಕುಡ್ಸು. ದೂರ ಹೋಗೋದೈತೆ. ಒಂದು ಹನಿ ನೆಲಕ್ಕೆ ಬಿದ್ದೀತು, ಹುಷಾರು," ಎಂದಳು ಅತ್ತೆ.

ದಾಕ್ಷಾಯಣಮ್ಮನ ಪ್ರಾಯದಲ್ಲಿ ಗಾಡಿ ಎಂದರೆ ಎತ್ತಿನ ಗಾಡಿ, ಕುಡಿಸುವುದೆಂದರೆ ಎತ್ತಿನ ಬಾಯಿಗೆ ಹೊಯ್ಯುವುದು. ಕಾರಿಗೆ ಕುಡಿಸು ಎಂದರೆ ಮೇಲೆ ನಾಲ್ಕು ಹನಿ ಚಿಮುಕಿಸು ಅಂತಲೋ, ಇನ್ನೇನೋ, ಶಿವನೇ ಬಲ್ಲ. ಏನತ್ತೆ ಹಂಗಂದ್ರೆ ಎಂದು ಕೇಳುವ ಧೈರ್ಯ ಆ ಮನೆಯ ಸೊಸೆಗೆ ಇರಲಿಲ್ಲ. ಹೇಳಿದ್ದಕ್ಕೆ ಹೂಂ ಅನ್ನಬೇಕು, ತಿಳಿಯದಿದ್ದರೆ ತಿಳಿದವಳ ಹಾಗೆ ಮಾಡಬೇಕು, ಅಷ್ಟೇ ಅವಳು ಅಲ್ಲಿ ಕಲಿತದ್ದು.

ಚೊಂಬು ಹಿಡಿದು ಅಂಗಳಕ್ಕೆ ಬಂದಳು. ಡ್ರೈವರ್ ಪಾಲಯ್ಯ ಬಾನೆಟ್ ಎತ್ತಿಟ್ಟು, ಕುಕ್ಕರಗಾಲಲ್ಲಿ ಕುಂತು ಚಕ್ರ ಒರೆಸುತ್ತಿದ್ದ.

"ಪಾಲಯ್ಯ, ಈ ಗಾಡಿ ಬಾಯಿ ಎಲ್ಲೈತೆ?"

ಅವನಿಗೆ ನಗು ಬಂತು. "ಬಾಯಾ? ಅಗೋ ಅಲ್ಲೈತಲ್ರಿ ಅಮ್ಮಾರೆ, ಮುಚ್ಚಳ. ತಿರುವಿದ್ರೆ ಅದೇ ಬಾಯಿ," ಎಂದು ಗದ್ದ ಎತ್ತಿ ರೇಡಿಯೇಟರಿನ ಕಡೆ ತೋರಿಸಿ, ಬಕೆಟ್ ಹಿಡಿದು ಬಾವಿಗೆ ಹೋದ. ಅವಳ ಕಣ್ಣಿಗೆ ಬಿದ್ದದ್ದು ಎಂಜಿನ್ನಿನ ನೆತ್ತಿಯ ಮೇಲಿದ್ದ ಎಣ್ಣೆ ಮುಚ್ಚಳ. ತಿರುವಿದಳು. ಕರ್ರಗೆ ಬಾಯಿ ತೆರೆದುಕೊಂಡಿತು. ಒಂದು ಹನಿ ಕೆಳಗೆ ಬೀಳದಂತೆ ಅಷ್ಟೂ ಹೊಯ್ದು, ಚೊಂಬಿನ ತಳ ತಟ್ಟಿ, ಮುಚ್ಚಳ ಹಾಕಿ, ಕೈ ಮುಗಿದು ಒಳಗೆ ಹೋದಳು. ಆಹಾ, ಎಂಥ ಭಕ್ತಿ!

ಹೊರಟಿದ್ದು ಗಂಡ ಹೆಂಡತಿ ಇಬ್ಬರೇ, ಧರ್ಮಪುರಕ್ಕೆ, ಅವಳ ತವರಿಗೆ. ತಂಗಿಯ ಮದುವೆ. ಬೇರೆ ಹೆಣ್ಣುಮಕ್ಕಳಾಗಿದ್ದರೆ ಮೂರು ದಿನ ಮೊದಲೇ ಕುಣಿದಾಡುತ್ತಿದ್ದರು. ಸರ್ವಮಂಗಳಳಿಗೆ ತವರೆಂದರೆ ಈಗ ಎದೆ ಢವಢವ. ಮದುವೆಯಾಗಿ ವರ್ಷಗಳಾಗಿದ್ದವು, ಮಡಿಲು ತುಂಬಿರಲಿಲ್ಲ, ಅತ್ತೆ ಆಗಲೇ ಹೊಳಲ್ಕೆರೆ ಕಡೆಯ ಒಂದು ಹುಡುಗಿಯ ಜಾತಕ ತರಿಸಿದ್ದಳು. ಒಂದು ನೆಪ ಬೇಕಿತ್ತು, ಅಷ್ಟೆ. ಪಂಚಾಕ್ಷರಪ್ಪ ಹೊರಡುವ ಮೊದಲು ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಹೇಳಿದ್ದ: "ಇನ್ನೊಂದು ಎಡವಟ್ಟು ಮಾಡಿದ್ಯೋ, ಧರ್ಮಪುರದಾಗೇ ಬಿಟ್ಟು ಬರ್ತೀನಿ. ಆಮ್ಯಾಲೆ ಕಳ್ಳೆಕಾಯಿ ಸುಲ್ಕಂತ ಕುಂತಿರು."

ಅವನು ಹೇಳಿದರೆ ಮಾಡುವವನೇ. ವರ್ಷಗಟ್ಟಲೆ ಕಾದು ಪಡೆದ ಅಂಬಾಸಿಡರ್ ಅದು. ಹೋದ ದೀಪಾವಳಿಯಲ್ಲಿ ಇಳಿಯುವಾಗ ಅವಳ ಬಳೆ ತಾಕಿ ಬಾಗಿಲಿಗೆ ಒಂದು ಗೀರು ಬಿತ್ತು. ದುರ್ಗದ ಸಂತೇಪೇಟೆಯ ಬೀದಿಯಲ್ಲಿ, ನಾಲ್ಕು ಜನರ ಎದುರಿಗೆ, "ತೆಗಿ" ಎಂದ. ತೆಗೆದಳು. ಮುತ್ತೈದೆಯ ಕೈ ಬೋಳು ಮಾಡಿಸಿ, ಬಸ್ಸಿನಲ್ಲಿ ಬಾ ಎಂದು ಹೇಳಿ, ಕಾರನ್ನು ಅಲ್ಲೇ ನಿಲ್ಲಿಸಿ ತಾನು ಮಂಡಿ ಕೆಲಸಕ್ಕೆ ನಡೆದ. ಅವತ್ತು ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆಯೇ ನಡೆದುಬಂದು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಿಂತವಳಿಗೆ ಒಂದು ಡಜನ್ ಹಸಿರು ಬಳೆ ತಂದುಕೊಟ್ಟವನು ಇದೇ ಪಾಲಯ್ಯ. ಕಾರು ಹಿರಿಯೂರು ಕಡೆ ಹೋದಾಗಲೆಲ್ಲ ಧರ್ಮಪುರಕ್ಕೆ ಸುದ್ದಿ ಮುಟ್ಟಿಸಿ, "ನಿಮ್ಮವ್ವ ಚೆನ್ನಾಗವ್ರೆ, ಹಲ್ಲುನೋವು ಕಮ್ಮಿಯಾಗೈತಂತೆ" ಎಂದು ಬಂದು ಹೇಳುತ್ತಿದ್ದವನೂ ಅವನೇ. ನಾಯಕರ ಪೈಕಿ, ಶ್ರೀರಾಂಪುರದ ಕಡೆಯವನು. ಲಾರಿ ಕ್ಲೀನರ್ ಆಗಿ ಶುರುಮಾಡಿ, ಹತ್ತು ಹನ್ನೆರಡು ವರ್ಷ ಒದೆ ತಿಂದು ಸ್ಟೇರಿಂಗ್ ಹಿಡಿದವನು.

ಹಿರಿಯೂರು ಇನ್ನು ಮೂರು ಮೈಲಿ ಇರುವಾಗ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತು. ಪಾಲಯ್ಯ ಆ ಕ್ಷಣವೇ ಎಂಜಿನ್ ಆರಿಸಿ, ಕಾರನ್ನು ಹುಣಸೆಮರದ ಬುಡಕ್ಕೆ ಉರುಳಿಸಿ ನಿಲ್ಲಿಸಿದ. ಬಾನೆಟ್ ಎತ್ತಿ ಎಣ್ಣೆ ನೋಡುವ ಕಡ್ಡಿ ಎಳೆದರೆ, ಕಪ್ಪಗಿರಬೇಕಾದ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗೆ ಜಾರುತ್ತಿತ್ತು.

"ಸಾವ್ಕಾರ್ರೆ, ಎಣ್ಣೆಗೆ ನೀರು ಸೇರೈತೆ. ಒಂದು ಹೆಜ್ಜೆ ಮುಂದಕ್ಕೋದ್ರೂ ಎಂಜಿನ್ ಹಿಡಕಂತೈತೆ," ಎಂದ. ಹಿಂದಿನ ಸೀಟಿನಲ್ಲಿದ್ದ ಸರ್ವಮಂಗಳ ಕೆಳಗಿಳಿದು ಕತ್ತು ಚಾಚಿ ನೋಡಿದಳು. ಅವನು ಬಿಚ್ಚಿ ಹಿಡಿದದ್ದು ಬೆಳಿಗ್ಗೆ ಅವಳು ತಿರುವಿದ ಮುಚ್ಚಳವನ್ನೇ. ಒಳಗಡೆಯೆಲ್ಲ ಬಿಳಿ ಕೆನೆ. ಆಗ ಗೊತ್ತಾಯಿತು ಅವಳಿಗೆ.

ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಊರ ಬಾಗಿಲಿನ ಜಂಪಣ್ಣನ ಗ್ಯಾರೇಜಿಗೆ ಬಂದರು. ಜಂಪಣ್ಣ ಕೆಲಸದಲ್ಲಿ ಗಟ್ಟಿಗ, ಬಾಯಿಯಲ್ಲಿ ಅದಕ್ಕಿಂತ ಗಟ್ಟಿಗ. ಡ್ರೈವರುಗಳನ್ನು ಮಾಲೀಕರ ಎದುರಿಗೆ ಹರಾಜು ಹಾಕುವುದೆಂದರೆ ಅವನಿಗೆ ಹೋಳಿಗೆ ಊಟ. ಕಡ್ಡಿ ಎಳೆದು ಮೂಗಿಗೆ ಹಿಡಿದ, ಬೆರಳಲ್ಲಿ ಉಜ್ಜಿದ, ಪಾಲಯ್ಯನನ್ನು ಮೇಲಿಂದ ಕೆಳಗೆ ನೋಡಿದ.

"ಹೆಡ್ ಗ್ಯಾಸ್ಕೆಟ್ ಹೋಗೈತೆ ಸಾವ್ಕಾರ್ರೆ. ಎಂಜಿನ್ನಿನ ತಲೆಗೂ ಮೈಗೂ ಮಧ್ಯೆ ಒಂದು ತಗಡಿರ್ತೈತೆ ನೋಡ್ರಿ, ಅದು. ಅದು ಸುಟ್ರೆ ನೀರೂ ಎಣ್ಣೇನೂ ಗಂಡ ಹೆಂಡ್ತಿ ಆಗಿಬಿಡ್ತವೆ. ಯಾವಾಗ ಸುಡ್ತೈತೆ? ರೇಡಿಯೇಟರಿಗೆ ನೀರಿಲ್ದಂಗೆ ಈ ನನ್ಮಗ ಓಡ್ಸಿದಾಗ ಸುಡ್ತೈತೆ."

"ಇಲ್ಲ ಅಣ್ಣಾ," ಎಂದ ಪಾಲಯ್ಯ. "ಬೆಳಿಗ್ಗೆ ನೀರು ನಾನೇ ತುಂಬ್ಸೀನಿ. ಗಾಡಿ ಒಂದು ಸಲಾನೂ ಕಾದಿಲ್ಲ. ಬಿಳಿ ಹೊಗೆ ಬಂದಿಲ್ಲ. ಬೇಕಾದ್ರೆ ರೇಡಿಯೇಟರ್ ಮುಚ್ಚಳ ತೆಗೆದು ನೋಡು, ನೀರು ಕಂಠಮಟ್ಟ ಐತೆ. ಗ್ಯಾಸ್ಕೆಟ್ ಹೋಗಿದ್ರೆ ನೀರು ಕಮ್ಮಿಯಾಗಬೇಕಲ್ವಾ?"

"ಓಹೋ! ಗುರುಗಳು ಪಾಠ ಶುರುಮಾಡಿದ್ರು. ಕುಂತ್ಕಳ್ರಿ ಸಾವ್ಕಾರ್ರೆ, ಕೇಳಾಣ."

ಪಂಚಾಕ್ಷರಪ್ಪ ನಕ್ಕ. ಅದು ಪಾಲಯ್ಯನಿಗೆ ಹೆದರಿಕೆ ಹುಟ್ಟಿಸುವ ನಗು. "ಗ್ಯಾಸ್ಕೆಟ್ ಸುಟ್ಟಿದ್ದು ಖರೆಯಾದ್ರೆ ಲೇ, ನಿನ್ನ ಹೆಸರನ್ನ ದುರ್ಗದಿಂದ ದಾವಣಗೆರೆತನಕ ಪ್ರತಿ ಸ್ಟ್ಯಾಂಡಿನಾಗೂ ಹೇಳಿಸ್ತೀನಿ. ಎತ್ತಿನ ಹಗ್ಗ ಹಿಡೀಬೇಕು ನೀನು, ಸ್ಟೇರಿಂಗ್ ಹಿಡಿಯಂಗಿಲ್ಲ."

ಇದು ಬರೀ ಬೆದರಿಕೆಯಲ್ಲ. ಎಂಜಿನ್ ಸುಟ್ಟವನು ಎಂದು ಹೆಸರು ಬಿದ್ದ ಡ್ರೈವರನನ್ನು ಆ ಕಾಲದಲ್ಲಿ ಕೋಳಿ ಗಾಡಿಗೂ ಕರೆಯುತ್ತಿರಲಿಲ್ಲ. ಹೊಂಗೆಮರದ ಕೆಳಗಿನ ಬೆಂಚಿನಲ್ಲಿ ಕುಂತಿದ್ದ ಸರ್ವಮಂಗಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು. ಹೇಳಿಬಿಡಲಾ? ನಾಲಿಗೆ ತುದಿಗೆ ಬಂತು. 'ಧರ್ಮಪುರದಾಗೇ ಬಿಟ್ಟು ಬರ್ತೀನಿ.' ಧರ್ಮಪುರ ಎಲ್ಲಿ, ಇಲ್ಲೇ ಇನ್ನೊಂದು ಗಂಟೆಯ ದಾರಿ. ಕಾರು ಸರಿಯಾದರೆ ಸಾಕು, ಕರೆದೊಯ್ದು ಚಪ್ಪರದ ಮುಂದೆಯೇ ಇಳಿಸಿಬಿಡುತ್ತಾನೆ, ತಂಗಿಯ ಬೀಗರೆಲ್ಲ ನೋಡುವಂತೆ. ಮಾತನ್ನು ನುಂಗಿಕೊಂಡಳು. ಗ್ಯಾಸ್ಕೆಟ್ ನಿಜವಾಗಿಯೂ ಸುಟ್ಟಿರಲಪ್ಪಾ ಶಿವನೇ ಎಂದು ಬೇಡಿಕೊಂಡಳು. ಯಾರಿಗೋ ಬೆಂಕಿ ಬೀಳಲಿ ಎಂದು ದೇವರನ್ನು ಬೇಡಿಕೊಂಡದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಪಾಲಯ್ಯ ಬಿಡಲಿಲ್ಲ. ಎಂಜಿನ್ ತಣ್ಣಗಾದ ಮೇಲೆ ತಾನೇ ರೇಡಿಯೇಟರ್ ಮುಚ್ಚಳ ತೆಗೆದ. ನೀರು ನಿಜಕ್ಕೂ ಕಂಠಮಟ್ಟ ಇತ್ತು, ತಿಳಿಯಾಗಿತ್ತು. "ಒಂದೇ ಒಂದು ಗಳಿಗೆ ಸ್ಟಾರ್ಟ್ ಮಾಡು ಅಣ್ಣಾ. ಗ್ಯಾಸ್ಕೆಟ್ ಹರಿದಿದ್ರೆ ಇಲ್ಲಿ ಗುಳ್ಳೆ ಏಳಬೇಕು." ಜಂಪಣ್ಣ ಗೊಣಗುತ್ತ ಸ್ಟಾರ್ಟ್ ಮಾಡಿದ. ನೀರು ಅಲ್ಲಾಡಿತು, ಗುಳ್ಳೆ ಏಳಲಿಲ್ಲ. ನಾಲ್ಕೂ ಪ್ಲಗ್ಗು ಬಿಚ್ಚಿದರು. ಒಣಗಿ ಕಂದುಬಣ್ಣಕ್ಕಿದ್ದವು, ಒಂದರ ತುದಿಯಲ್ಲೂ ಪಸೆಯಿರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕು ಜನರ ಎದುರಿಗೆ ಆಡಿದ ಮಾತನ್ನು ಜಂಪಣ್ಣ ಹಿಂದಕ್ಕೆ ತಗೊಳ್ಳುತ್ತಾನೆಯೇ? "ಸಣ್ಣ ತೂತಿದ್ರೆ ಗುಳ್ಳೆ ಬರಲ್ಲ. ಹೆಡ್ ಇಳಿಸಿದ್ರೆ ಎಲ್ಲ ಬಣ್ಣ ಬಯಲಾಗ್ತೈತೆ," ಎಂದ. "ಇಳಿಸು," ಎಂದ ಪಂಚಾಕ್ಷರಪ್ಪ. "ಇಳಿಸಣ್ಣಾ, ನನಗೂ ಅದೇ ಬೇಕು," ಎಂದ ಪಾಲಯ್ಯ. ಪಾಪ, ತನ್ನ ಕೊರಳಿನ ಹಗ್ಗವನ್ನು ತಾನೇ ಹೊಸೆಯುತ್ತಿದ್ದೇನೆಂದು ಅವನಿಗೇನು ಗೊತ್ತು.

ಬೋಲ್ಟುಗಳನ್ನು ಸಡಿಲಿಸಿ ತಲೆ ಎತ್ತಿಡುವ ಹೊತ್ತಿಗೆ ಬಿಸಿಲು ವಾಲಿತ್ತು. ಪಾಲಯ್ಯನೇ ಸ್ಪ್ಯಾನರ್ ಹಿಡಿದು ದುಡಿದ. ನಡುವೆ ಒಮ್ಮೆ ಬೆಂಚಿನ ಹತ್ತಿರ ಬಂದು, "ಅಮ್ಮಾರೆ, ಏನೂ ತಿಂದಿಲ್ಲ ನೀವು. ಬಾಳೆಹಣ್ಣು ತಂದ್ಕೊಡ್ಲಾ?" ಎಂದು ಕೇಳಿದ. ಬೇಡ ಎಂದು ತಲೆಯಾಡಿಸಿದಳು. ಅವನು ಹಾಗೆ ಕೇಳದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿ ಅವನ ಮೇಲೆಯೇ ಸಿಟ್ಟು ಬಂತು.

ಜಂಪಣ್ಣ ಗ್ಯಾಸ್ಕೆಟನ್ನು ಬಿಡಿಸಿ ಎತ್ತಿ ಬಿಸಿಲಿಗೆ ಹಿಡಿದ. ತಾಮ್ರದ ಅಂಚು ಎಲ್ಲ ಕಡೆ ನೆಟ್ಟಗಿತ್ತು. ತೂತಿನಿಂದ ತೂತಿಗೆ ಎಲ್ಲೂ ಸುಟ್ಟ ಗೆರೆಯಿಲ್ಲ. ತಲೆಯನ್ನು ಬೋರಲು ಹಾಕಿ ತಿಕ್ಕಿ ನೋಡಿದ, ಬ್ಲಾಕನ್ನು ಒರೆಸಿ ನೋಡಿದ. ಕೂದಲೆಳೆ ಬಿರುಕೂ ಇರಲಿಲ್ಲ.

"ನೋಡ್ರಿ ಸಾವ್ಕಾರ್ರೆ! ನೋಡ್ರಿ!" ಪಾಲಯ್ಯ ಹುಡುಗನ ಹಾಗೆ ಕೂಗಿದ. "ನಾನು ಹೇಳ್ಲಿಲ್ವಾ? ನನ್ನ ಗಾಡಿ ನನಗೆ ಗೊತ್ತಿಲ್ವಾ?"

ಸರ್ವಮಂಗಳಳಿಗೂ ಉಸಿರು ಹಗುರಾಯಿತು. ಅವನೂ ಉಳಿದ, ತಾನೂ ಉಳಿದೆ. ಇಷ್ಟರಲ್ಲಿ ಎಲ್ಲ ಮುಗಿದೀತು, ಹೊಸ ಎಣ್ಣೆ ಹಾಕಿ ಹೊರಟಾರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಂಪಣ್ಣನಿಗೆ ಮುಖ ಕೆಂಪಾಗಿತ್ತು. ಗ್ಯಾಸ್ಕೆಟನ್ನು ನೆಲಕ್ಕೆಸೆದು, ಎಣ್ಣೆಬಟ್ಟೆಯಲ್ಲಿ ಕೈ ಒರೆಸುತ್ತ ನಿಧಾನವಾಗಿ ಹೇಳಿದ: "ಸರಿ. ಗ್ಯಾಸ್ಕೆಟ್ ಚೆನ್ನಾಗೈತೆ. ಹೆಡ್ಡೂ ಚೆನ್ನಾಗೈತೆ. ಹಂಗಾದ್ರೆ ಎಣ್ಣೆಗೆ ನೀರು ಎಲ್ಲಿಂದ ಬಂತು? ಒಳಗಿಂದ ಬಂದಿಲ್ಲ ಅಂದ್ರೆ ಮ್ಯಾಲಿಂದ ಬಂದೈತೆ. ಯಾರೋ ಕೈಯಾರೆ ಬಾಯಿಗೆ ನೀರು ಹೊಯ್ದಾರೆ ಸಾವ್ಕಾರ್ರೆ. ನಿಮ್ಮ ಗಾಡಿ ಬಾನೆಟ್ ಎತ್ತೋರು ಯಾರು?"

ಪಂಚಾಕ್ಷರಪ್ಪ ಎದ್ದು ನಿಂತ. ಅಜಾಗರೂಕತೆ ಬೇರೆ, ದ್ರೋಹ ಬೇರೆ. "ಓ. ಶಿವಕುಮಾರಪ್ಪ ಹೇಳಿಕೊಟ್ನಾ?" ಎಂದ. ಶಿವಕುಮಾರಪ್ಪ ಅಂದರೆ ಅಡಿಕೆ ಮಂಡಿಯಲ್ಲಿ ಅವನ ಹಗೆ. "ನನ್ನ ಉಪ್ಪು ತಿಂದು ನನ್ನ ಗಾಡಿಗೆ ನೀರು ಹೊಯ್ತೀಯೇನಲೇ? ಹೆಂಡ್ತಿ ಸಮೇತ ನನ್ನ ಗುಂಡಿಗೆ ಕೆಡವಾಕೆ ನೋಡಿದ್ಯಾ?"

"ಅಯ್ಯಯ್ಯೋ, ಇಲ್ಲ ಸಾವ್ಕಾರ್ರೆ! ನನ್ನ ತಾಯಾಣೆ ಇಲ್ಲ! ನಾನ್ಯಾಕೆ ಬಾಯಿಗೆ..." ಅಲ್ಲಿಗೆ ನಿಂತ ಪಾಲಯ್ಯ. ಬಾಯಿ. ನಿಧಾನವಾಗಿ ತಿರುಗಿ ಬೆಂಚಿನ ಕಡೆ ನೋಡಿದ. ಕೋಪವಿರಲಿಲ್ಲ ಆ ನೋಟದಲ್ಲಿ, ಸದ್ಯ ಗೊತ್ತಾಯ್ತಲ್ಲ ಎಂಬ ಸಮಾಧಾನವಿತ್ತು. "ಅಮ್ಮಾರೆ, ಬೆಳಿಗ್ಗೆ ನೀವು ಗಾಡಿ ಬಾಯಿ ಎಲ್ಲೈತೆ ಅಂತ ಕೇಳಿದ್ರಲ್ಲ. ಕೈಯಾಗೆ ಚೊಂಬಿತ್ತು. ನಾನು ಬಾವಿಗೆ ಹೋದೆ. ನೀವೇನಾದ್ರೂ ಗೊತ್ತಿಲ್ದಂಗೆ..."

ಪಂಚಾಕ್ಷರಪ್ಪ ಹೆಂಡತಿಯ ಕಡೆ ತಿರುಗಿದ. "ಏನೇ?"

ಹೂಂ ಎಂದರೆ ಮುಗಿಯಿತು. ಅರ್ಧ ಅಕ್ಷರದ ಮಾತು. ಅವಳ ಕಣ್ಣ ಮುಂದೆ ಚಪ್ಪರ ಬಂತು, ಅವ್ವ ಬಂದಳು, ಹೊಳಲ್ಕೆರೆಯ ಆ ಹುಡುಗಿ ತನ್ನ ನಡುಮನೆಯಲ್ಲಿ ಓಡಾಡಿದ ಹಾಗಾಯಿತು.

"ನಾನ್ಯಾಕೆ ಹಾಕ್ಲಿ? ಗಾಡಿಗೆ ಕುಂಕುಮ ಹಚ್ಚಾಕೆ ಹೋಗಿದ್ದೆ," ಎಂದಳು. ತನ್ನ ದನಿ ಇಷ್ಟು ಸಲೀಸಾಗಿ ಬಂದೀತೆಂದು ಅವಳಿಗೇ ಗೊತ್ತಿರಲಿಲ್ಲ.

ಪಾಲಯ್ಯ ಬೆಪ್ಪಾದ. ಹೊಡೆತ ಬೀಳುವ ಮುಂಚೆಯೇ ಹೊಡೆತ ತಿಂದವನ ಹಾಗೆ ನಿಂತ. ಆಮೇಲೆ ಯಾರೂ ಕೇಳಬಾರದ್ದನ್ನು ಕೇಳಿಬಿಟ್ಟ. "ಅಮ್ಮಾರೆ, ನೀವು ಲಿಂಗ ಮುಟ್ಟಿ ಹೇಳ್ರಿ. ಲಿಂಗ ಮುಟ್ಟಿ ಇಲ್ಲ ಅಂದ್ರೆ ನಾನೇ ಮಾಡಿದ್ದು ಅಂತ ಒಪ್ಕಂತೀನಿ."

ಅವನು ಸೊಕ್ಕಿನಿಂದ ಕೇಳಿದ್ದಲ್ಲ. ಅವನ ಕಡೆಯ ಜನಕ್ಕೆ ಜಗಳ ಮುಗಿಸುವ ದಾರಿ ಅದೊಂದೇ. ದೇವರ ಮುಂದೆ ಆಣೆ ಇಟ್ಟ ಮೇಲೆ ಎದುರಾಡಿದವನು ಮನುಷ್ಯನೇ ಅಲ್ಲ. ಅವನ ಅಪ್ಪ ಹೊಲದ ಬದುವಿನ ಹುಣಸೆಮರವನ್ನು ದಾಯಾದಿ ಇಟ್ಟ ಒಂದು ಆಣೆಗೆ ಬಿಟ್ಟುಕೊಟ್ಟು, ಸಾಯುವವರೆಗೆ ಆ ಮರದ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಆದರೆ ಸಾಹುಕಾರನ ಕಿವಿಗೆ ಅದು ಹಾಗೆ ಕೇಳಿಸುತ್ತದೆಯೇ?

"ಯಾವನಲೇ ನೀನು, ನಮ್ಮ ಹೆಣ್ಣುಮಗಳಿಗೆ ಲಿಂಗ ಮುಟ್ಟು ಅನ್ನಾಕೆ?" ಬೆಂಚಿನ ಮೇಲೆ ಹಳೆ ಫ್ಯಾನ್‌ಬೆಲ್ಟ್ ಬಿದ್ದಿತ್ತು. ಪಂಚಾಕ್ಷರಪ್ಪ ಅದನ್ನೆತ್ತಿಕೊಂಡು ಬಾರಿಸಿದ. ಹೆಗಲಿಗೆ, ಬೆನ್ನಿಗೆ, ಕೈ ಅಡ್ಡ ಹಿಡಿದರೆ ಕೈಗೆ. ಜಂಪಣ್ಣ ಹಿಂದಿನಿಂದ ಪಾಲಯ್ಯನ ರಟ್ಟೆ ಹಿಡಿದುಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ, ಕಣ್ಣಾರೆ ನೋಡಬೇಕು. ಪಾಲಯ್ಯ ಅಳಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಪ್ರತಿ ಏಟಿಗೂ ಒಂದೇ ಮಾತು: "ಲಿಂಗ ಮುಟ್ಟಿ ಹೇಳ್ಲಿ ಸಾವ್ಕಾರ್ರೆ. ಆಮ್ಯಾಲೆ ಕೊಂದುಬಿಡ್ರಿ."

ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು, "ಹೇಳಿಬಿಡಮ್ಮ ತಾಯಿ, ಹೇಳಿದ್ರೆ ನಿನ್ನ ಗಂಟೇನು ಹೋಗ್ತೈತೆ? ಆ ಮನುಷ್ಯ ಸತ್ತೋಗ್ತಾನೆ," ಎಂದಳು. ಎಲ್ಲರ ಕಣ್ಣೂ ಸರ್ವಮಂಗಳಳ ಮೇಲೆ. ಪಂಚಾಕ್ಷರಪ್ಪ ಬೆಲ್ಟ್ ಇಳಿಸಿ ಏದುಸಿರು ಬಿಡುತ್ತ ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಈಗ ಸಣ್ಣದೊಂದು ಅನುಮಾನ ಮಿಸುಕಿತ್ತು. ಅವಳು ಅದನ್ನು ಕಂಡಳು.

ಸರ್ವಮಂಗಳ ಎದ್ದು ನಿಂತಳು. ಸೆರಗಿನೊಳಗೆ ಕೈ ಹಾಕಿ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಹಿಡಿದುಕೊಂಡಳು. ಅದರೊಳಗಿನ ಲಿಂಗಕ್ಕೆ ದಿನಾ ಬೆಳಿಗ್ಗೆ ನೀರೆರೆದು ಪೂಜೆ ಮಾಡಿದ ಮೇಲೆಯೇ ಅವಳು ಬಾಯಿಗೆ ತುತ್ತು ಇಡುತ್ತಿದ್ದದ್ದು.

"ಮುಟ್ಟೀನಿ, ನೋಡು," ಎಂದಳು. "ನಾನು ಹಾಕಿಲ್ಲ."

ಸುಳ್ಳು ಆಣೆ ಇಟ್ಟವರ ನಾಲಿಗೆ ಸೇದಿಹೋಗುತ್ತದೆ, ಬಾಯಿ ಸೊಟ್ಟಗಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಏನೂ ಆಗಲಿಲ್ಲ. ಹೊಂಗೆಮರದಲ್ಲಿ ಕಾಗೆ ಕೂತಿತ್ತು, ಕೂತೇ ಇತ್ತು. ಪಂಚಾಕ್ಷರಪ್ಪನ ಮುಖದ ಅನುಮಾನ ಅಳಿಸಿಹೋಯಿತು. ಮುದುಕಿ, "ಶಿವ ಶಿವಾ, ಮುಟ್ಟೇಬಿಟ್ಲಲ್ಲ," ಎಂದು ಕೈ ಮುಗಿದಳು. ಸರ್ವಮಂಗಳಳ ಎದೆ ಹಗುರವಾಗಿತ್ತು. ನಾಚಿಕೆಗೇಡು ಅನ್ನಿ, ಏನಾದರೂ ಅನ್ನಿ, ಆ ಗಳಿಗೆಯಲ್ಲಿ ಅವಳಿಗೆ ಆದದ್ದು ಸಂತೋಷವೇ.

ಪಾಲಯ್ಯ ಏನು ಮಾಡಿಯಾನು, ಬೈದಾನು, ಶಾಪ ಹಾಕಿಯಾನು, ಮಣ್ಣು ತೂರಿಯಾನು ಎಂದು ಅವಳು ಎದೆ ಗಟ್ಟಿಮಾಡಿಕೊಂಡಿದ್ದಳು. ಅವನು ಅದ್ಯಾವುದನ್ನೂ ಮಾಡಲಿಲ್ಲ. ಜಂಪಣ್ಣ ಕೈ ಬಿಟ್ಟ ಮೇಲೆ ನಿಂತಲ್ಲೇ ನಿಂತು, ಹುಬ್ಬು ಗಂಟಿಕ್ಕಿ, ಎಂಜಿನ್ನಿನ ಕಡೆಯೇ ನೋಡುತ್ತ ಯೋಚನೆಗೆ ಬಿದ್ದ. ತನ್ನ ಬೆಳಗಿನ ಒಂದೊಂದು ಕೆಲಸವನ್ನೂ ಹಿಂದಕ್ಕೆ ಹೋಗಿ ಹುಡುಕುತ್ತಿದ್ದಾನೆಂದು ನೋಡಿದವರಿಗೆ ತಿಳಿಯುತ್ತಿತ್ತು. ತುಟಿ ಅಲ್ಲಾಡುತ್ತಿದ್ದವು. ಕೊನೆಗೆ ಅವನ ಹೆಗಲು ಇಳಿಬಿತ್ತು.

"ನನ್ನ ಕೈಲೇ ಆಗೈತೆ ಸಾವ್ಕಾರ್ರೆ," ಎಂದ. "ರೇಡಿಯೇಟರಿಗೆ ನೀರು ಹುಯ್ಯುವಾಗ ಕಣ್ಣು ತಪ್ಪಿ ಆ ಬಾಯಿಗೆ ಹುಯ್ದಿರಬೇಕು. ನನಗೆ ನೆನಪಿಲ್ಲ. ಆದ್ರೆ ಅಮ್ಮಾರು ಲಿಂಗ ಮುಟ್ಟಿ ಹೇಳಿದ್ಮ್ಯಾಲೆ ಇನ್ನೇನೈತೆ? ಲಿಂಗ ಮುಟ್ಟಿ ಯಾರಾದ್ರೂ ಸುಳ್ಳು ಹೇಳ್ತಾರಾ? ನನ್ನ ತಲೆಯೇ ಕೆಟ್ಟೈತೆ. ಇಂಥೋನು ಸ್ಟೇರಿಂಗ್ ಹಿಡೀಬಾರ್ದು."

ಅಂಗಿ ಜೇಬಿನಿಂದ ಕಾರಿನ ಕೀಲಿ ತೆಗೆದು ಬೆಂಚಿನ ಮೇಲಿಟ್ಟ. ಅವನು ನಿಜವಾಗಿಯೂ ನಂಬಿದ್ದ. ಅದು ಅವಳಿಗೆ ಕಂಡಿತು. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಪಂಚಾಕ್ಷರಪ್ಪ, "ನನಗೆ ಹೇಳೋದು ಆಮ್ಯಾಲೆ. ಅವಳ ಮ್ಯಾಲೆ ಹೊರಿಸಿದ್ಯಲ್ಲ ಸುಳ್ಳು? ಕಾಲಿಗೆ ಬೀಳು," ಎಂದ.

ಹೇಳುವುದೇ ಬೇಕಿರಲಿಲ್ಲ. ಪಾಲಯ್ಯ ಆಗಲೇ ಬಗ್ಗಿದ್ದ. ಸಾಹುಕಾರರ ಮನೆಯ ಹೆಣ್ಣುಮಗಳ ಪಾದ ಮುಟ್ಟಬಾರದೆಂದು ಒಂದು ಮೊಳ ದೂರದಲ್ಲೇ ಎಣ್ಣೆ ಚೆಲ್ಲಿದ ನೆಲಕ್ಕೆ ಹಣೆ ಹಚ್ಚಿದ. ಅಂಗಿ ಬೆನ್ನಿಗೆ ಅಂಟಿಕೊಂಡು ಅಲ್ಲಲ್ಲಿ ಕೆಂಪಾಗಿತ್ತು.

"ತಪ್ಪಾತು ತಾಯಿ. ನಿಮ್ಮಂಥೋರ ಮ್ಯಾಲೆ ಅನುಮಾನ ಪಟ್ಟೆ. ಹೊಟ್ಟೆಗೆ ಹಾಕ್ಕಳ್ರಿ."

ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು. ಗಂಡ ಅವಳ ಕಡೆ ನೋಡಿ ತಲೆಯಾಡಿಸಿದ, ಅಷ್ಟು ಮೆಚ್ಚುಗೆಯಿಂದ ಅವನು ಅವಳನ್ನು ನೋಡಿದ್ದೇ ಇಲ್ಲ. ಸರ್ವಮಂಗಳ ಸೆರಗು ಸರಿಮಾಡಿಕೊಂಡಳು.

"ಹೋಗ್ಲಿ ಬಿಡು," ಎಂದಳು. "ಇನ್ನೊಂದ್ಸಲ ಹಿಂಗೆ ಮಾಡ್ಬ್ಯಾಡ."

"ಇಲ್ಲ ತಾಯಿ, ಇನ್ನು ಮಾಡಲ್ಲ," ಎಂದ ಪಾಲಯ್ಯ.